ತಕ್ಕಡಿ ಮಾವನ ನೆಚ್ಚಿನ ಲೇಖಕ

ಊರಿನ ಅಂಗಡಿಯವರು ಹೆದರುತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ತೆರಿಗೆ ಅಧಿಕಾರಿ, ಇನ್ನೊಬ್ಬರು ತಕ್ಕಡಿ ಮಾವ. ಅಧಿಕಾರಿಯನ್ನಾದರೂ ಒಂದು ಲೋಟ ಟೀ ಕೊಟ್ಟು ಮಾತಿಗೆ ಎಳೆಯಬಹುದಿತ್ತು. ತಕ್ಕಡಿ ಮಾವನ ಹತ್ತಿರ ಆ ಆಟವೂ ನಡೆಯುತ್ತಿರಲಿಲ್ಲ. ಜೀವಮಾನವೆಲ್ಲ ಅವರು ಮಾಡಿದ್ದು ತಕ್ಕಡಿ ರಿಪೇರಿ. ದಿನಸಿ ಅಂಗಡಿಯ ತಕ್ಕಡಿ, ಗುಜರಿಯವನ ದೊಡ್ಡ ತೂಕದ ಯಂತ್ರ, ಅಕ್ಕಸಾಲಿಗನ ಗಾಜಿನ ಪೆಟ್ಟಿಗೆಯೊಳಗಿನ ಪುಟಾಣಿ ತಕ್ಕಡಿ, ಎಲ್ಲಕ್ಕೂ ಅವರೇ ವೈದ್ಯರು. ಚರ್ಮದ ಚೀಲದಲ್ಲಿ ತಮ್ಮದೇ ತೂಕದ ಕಲ್ಲುಗಳನ್ನು ಹೊತ್ತು ಬಂದು, ಅಂಗಡಿಯವನ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು, ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೂ ಮುಗಿಯಿತು ಕತೆ. "ಸುಮಾರು ಸರಿ ಇದೆಯಲ್ಲ ಯಜಮಾನ್ರೇ" ಅಂತ ಯಾರಾದರೂ ಅಂದರೆ, "ಸುಮಾರು ಅನ್ನೋದು ಕಳ್ಳರ ಮಾತು" ಅಂತ ಚೀಲ ಎತ್ತಿಕೊಂಡು ಹೊರಡುತ್ತಿದ್ದರು.

ಸೊಸೆಯೊಬ್ಬಳಿಗೆ ಮಾವನಾದವರು ಬೀದಿಗೆಲ್ಲ ಮಾವನಾದದ್ದು ಹೇಗೋ ಗೊತ್ತಿಲ್ಲ. ಆದರೆ ಸಲುಗೆಯಿಂದ ಅಲ್ಲ ಅನ್ನುವುದಂತೂ ಖಂಡಿತ. ಮನುಷ್ಯರ ಮಾತನ್ನೂ ಅವರು ತೂಗಿಯೇ ತೆಗೆದುಕೊಳ್ಳುತ್ತಿದ್ದರು. ಪಕ್ಕದ ಮನೆಯವರು "ನಿಮ್ಮ ಮೊಮ್ಮಗಳು ಬಂಗಾರದಂಥ ಹುಡುಗಿ" ಅಂದರೆ, "ಬಂಗಾರ ಅಷ್ಟೊಂದು ಕಿರುಚಲ್ಲ" ಅನ್ನುತ್ತಿದ್ದರು. ತೂಗದೆ ಅವರು ನಂಬಿದ್ದು ಒಬ್ಬರ ಮಾತನ್ನು ಮಾತ್ರ, ಹೆಂಡತಿಯದ್ದು. ಅತ್ತೆ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಶುರುಮಾಡಿದ ಮಾತು ದೀಪ ಆರಿಸುವಾಗ ನಿಲ್ಲುತ್ತಿತ್ತು. ಮಾವ ಹೂಂ ಅನ್ನುತ್ತಿದ್ದರು. ಆ ಮನೆಯ ಸಂಸಾರ ಅಷ್ಟರ ಮೇಲೆಯೇ ಚೆನ್ನಾಗಿ ನಡೆದುಕೊಂಡು ಬಂದಿತ್ತು.

ಅತ್ತೆ ತೀರಿಕೊಂಡಾಗ ಮಾವ ಅಳಲಿಲ್ಲ. ಅತ್ತಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಕೆಲಸ ಬಿಟ್ಟು ಅಡುಗೆಮನೆಯ ಮೂಲೆಯ ಕುರ್ಚಿ ಹಿಡಿದವರು, ಬಾಯಿಗೆ ಬೀಗ ಹಾಕಿಕೊಂಡು ಗೋಡೆ ನೋಡುತ್ತ ಕೂತುಬಿಟ್ಟರು. ಮನೆಯಲ್ಲಿ ಯಾರಾದರೂ ಅಪ್ಪಿತಪ್ಪಿ "ಅಮ್ಮ ಇದ್ದಿದ್ದರೆ" ಅಂತ ಬಾಯಿ ತೆರೆದರೆ ಸಾಕು, ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಒಣಗಿದ ಕಣ್ಣಿನಲ್ಲೇ ಹೊರಗೆ ಬರುತ್ತಿದ್ದರು. ಹೀಗೆ ತಿರುಗಿಸಿ ತಿರುಗಿಸಿ ನಲ್ಲಿ ಕೆಟ್ಟಿತು. ತೊಟತೊಟ ಅಂತ ಹಗಲೂ ರಾತ್ರಿ ಸೋರತೊಡಗಿತು.

ಸೊಸೆ ಬೀದಿ ಕೊನೆಯ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ, ಓದುಗರಿಗೆ ಕೊಟ್ಟು ತೆಗೆದುಕೊಳ್ಳುವ ಕೆಲಸದಲ್ಲಿದ್ದಳು. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಬೆಳಗಾಗುವ ಮೊದಲೇ ಹೋಗಿ, ಬಂದ ಮೇಲೆ ನಿದ್ದೆ ಹೊಡೆಯುವವನಿಗೆ ನಲ್ಲಿ ಮುಟ್ಟಲು ಪುರಸೊತ್ತಿಲ್ಲ. ಕುರ್ಚಿಯಲ್ಲಿ ಕೂತ ಕೈಗಳಿಗೆ ಒಂದು ಕೆಲಸ ಆಗಲಿ ಅಂತ ಸೊಸೆ ಒಂದು ದಿನ ನಲ್ಲಿ ರಿಪೇರಿಯ ಪುಸ್ತಕ ತಂದು ಮಾವನ ಮಡಿಲಲ್ಲಿ ಹಾಕಿದಳು.

ಮಾವ ಹುಟ್ಟಿದಾರಭ್ಯ ಪುಸ್ತಕ ಓದಿದವರಲ್ಲ. ಅವತ್ತು ಕನ್ನಡಕ ಏರಿಸಿಕೊಂಡರು. ಸಂಜೆ ಸೊಸೆ ಬರುವಷ್ಟರಲ್ಲಿ ನಲ್ಲಿ ಸುಮ್ಮನಾಗಿತ್ತು, ಮಾವ ಮಾತಾಡಿದರು.

"ಈ ಮನುಷ್ಯ ಸುಳ್ಳು ಹೇಳಲ್ಲ ಕಣಮ್ಮ. ವಾಷರ್ ಹಾಕೋವಾಗ ಕಾಲು ತಿರುವು ಬಿಗಿ ಸಾಕು ಅಂದ. ಕಾಲು ತಿರುವೇ ಸಾಕಾಯ್ತು. ಸುಮಾರು ಅನ್ನೋ ಮಾತು ಪುಸ್ತಕದಲ್ಲಿ ಒಂದು ಕಡೇನೂ ಇಲ್ಲ."

"ಹೌದಾ ಮಾವ?"

"ಇವನ ಹೆಂಡತಿ ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿರ್ತಾಳಂತೆ. ಪ್ರತಿ ಪಾಠದಲ್ಲೂ ಅವಳು ಏನೋ ಒಂದು ಅಂತಾಳೆ. ದೊಡ್ಡ ವಾಲ್ವ್ ಮುಚ್ಚೋದು ಮರೆತು ಒಂದ್ಸಲ ಅವಳಿಗೆ ಸ್ನಾನಾನೇ ಮಾಡಿಸಿದ್ದಾನೆ. ನೀವು ಹಾಗೆ ಮಾಡಬೇಡಿ, ಊಟ ಸಿಗಲ್ಲ ಅಂತ ಬರೆದಿದ್ದಾನೆ." ಮಾವನ ತುಟಿಯ ಒಂದು ಬದಿ ಸ್ವಲ್ಪ ಮೇಲೆದ್ದಿತು. "ಇವನದ್ದೇ ಇನ್ನೊಂದು ತಗೊಂಡು ಬಾ."

ಈಗ ಆ ಲೈಬ್ರರಿಯ ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಲ್ಲ ಕಡೆ ಪುಸ್ತಕಗಳನ್ನು ವಿಷಯ ನೋಡಿ ಜೋಡಿಸುತ್ತಾರೆ. ಅಡುಗೆಯದು ಒಂದು ಕಡೆ, ಕತೆಯದು ಒಂದು ಕಡೆ. ಇಲ್ಲೂ ಮೊದಲು ಹಾಗೇ ಇತ್ತು. ಆದರೆ ಓದುಗರೆಲ್ಲ ಅಕ್ಕಪಕ್ಕದವರೇ. ಮೂಲವ್ಯಾಧಿಯ ಪುಸ್ತಕದ ಮುಂದೆ ನಿಂತವನ ಸುದ್ದಿ ಅವನು ಮನೆ ಮುಟ್ಟುವ ಮೊದಲೇ ಮನೆ ಮುಟ್ಟುತ್ತಿತ್ತು. 'ಗಂಡನನ್ನು ದಾರಿಗೆ ತರುವುದು ಹೇಗೆ' ಅನ್ನುವ ಪುಸ್ತಕದ ಹತ್ತಿರ ಸುಳಿದವಳ ಗಂಡ ಲೈಬ್ರರಿಗೇ ಬಂದು ಜಗಳ ತೆಗೆದಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಲೈಬ್ರರಿ ಮೇಷ್ಟ್ರು ಒಂದು ಉಪಾಯ ಮಾಡಿದರು. ಎಲ್ಲ ಪುಸ್ತಕಕ್ಕೂ ಒಂದೇ ಥರದ ಖಾಕಿ ಬಟ್ಟೆಯ ರಟ್ಟು, ಬೆನ್ನ ಮೇಲೆ ಬರೆದವರ ಹೆಸರು ಮಾತ್ರ. ಜೋಡಿಸುವುದೂ ಬರೆದವರ ಹೆಸರಿನ ಪ್ರಕಾರವೇ. ಯಾರು ಏನು ಹುಡುಕುತ್ತಿದ್ದಾರೆ ಅಂತ ಬ್ರಹ್ಮನಿಗೂ ತಿಳಿಯಬಾರದು. ಜಗಳ ನಿಂತಿತು. ಆದರೆ ಒಂದೇ ಹೆಸರಿನ ಬೇರೆ ಬೇರೆ ಜನರೆಲ್ಲ ಒಂದೇ ಮನೆಯವರ ಹಾಗೆ ಭುಜಕ್ಕೆ ಭುಜ ತಾಗಿಸಿ ಕೂತರು. ನಲ್ಲಿಯವನ ಹೆಸರಂತೂ ಸಂತೆಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥದ್ದು. ಗಂಡಸರಿಗೂ ಇಡುತ್ತಾರೆ, ಹೆಂಗಸರಿಗೂ ಇಡುತ್ತಾರೆ.

ಸೊಸೆಗೆ ಇದೆಲ್ಲ ಗೊತ್ತಿತ್ತು. ಅವತ್ತು ಬಾಗಿಲು ಹಾಕುವ ಗಡಿಬಿಡಿಯಲ್ಲಿ ಆ ಹೆಸರಿನ ಪಕ್ಕದ ಪುಸ್ತಕ ಎಳೆದುಕೊಂಡು ಬಂದಳು. ಅದು ಪ್ರೇಮದ ಪದ್ಯಗಳ ಪುಸ್ತಕ. ಮನೆಗೆ ಬಂದು ಮಾವನ ಕೈಗೆ ಕೊಟ್ಟ ಮೇಲೆ ತೆರೆದ ಪುಟ ನೋಡಿ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಮಾವ ಓದಲು ಶುರುಮಾಡಿ ಆಗಿತ್ತು.

"ಪಾಪ, ನಲ್ಲಿಯವನು ಹುಡುಗನಾಗಿದ್ದಾಗ ಬರೆದದ್ದಿರಬೇಕು" ಅಂದರು ಮಾವ, ಊಟಕ್ಕೆ ಕೂತಾಗ. "ನೀನು ಬರುವ ತನಕ ದೀಪ ಆರಿಸಿ ಕಾಯುತ್ತೇನೆ ಅಂತಾನೆ. ದೀಪ ಯಾಕೆ ಆರಿಸ್ತಾನೆ ಹೇಳು?"

"ಯಾಕೆ ಮಾವ?"

"ಕರೆಂಟು ಉಳೀಲಿ ಅಂತ. ಕೈಕೆಲಸದವನು ಪ್ರೀತಿ ಮಾಡಿದ್ರೂ ಮೀಟರ್ ಮರೆಯಲ್ಲ."

ಮಗ ನಕ್ಕ. ಮೊಮ್ಮಗಳಿಗೆ ಏನೂ ಅರ್ಥವಾಗದಿದ್ದರೂ ಅಪ್ಪ ನಕ್ಕನೆಂದು ಅವಳೂ ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ಮನೆಯ ಊಟದಲ್ಲಿ ತಟ್ಟೆಯ ಸದ್ದಿನ ಜೊತೆ ಬೇರೆ ಸದ್ದೂ ಕೇಳಿತ್ತು. ಇದು ಬೇರೆಯವರ ಪುಸ್ತಕ ಮಾವ ಅಂತ ಹೇಳಲು ಸೊಸೆಗೆ ಯಾವ ಬಾಯಿ ಬಂದೀತು? ಸುಳ್ಳು ಹೇಳಲಿಲ್ಲ. ನಿಜ ಹೇಳಲಿಲ್ಲ, ಅಷ್ಟೆ.

ಅಲ್ಲಿಂದ ಮುಂದೆ ಮಾವನನ್ನು ಹಿಡಿಯುವವರಿಲ್ಲ. ತಾವೇ ಲೈಬ್ರರಿಗೆ ನಡೆದು ಬಂದು, ಕಪಾಟಿನ ಮುಂದೆ ನಿಂತು ಮುಂದಿನದನ್ನು ಎಳೆದುಕೊಂಡು ಹೋಗತೊಡಗಿದರು. ನಲ್ಲಿಯ ವಿಷಯದಲ್ಲಿ ಪರೀಕ್ಷೆ ಪಾಸಾದ ಮನುಷ್ಯನ ಮೇಲೆ ಅವರಿಗೆ ಎಷ್ಟು ನಂಬಿಕೆಯೆಂದರೆ, ಅವನು ಹೇಳಿದ್ದೆಲ್ಲ ಮುದ್ರೆ ಒತ್ತಿದ ತೂಕದ ಕಲ್ಲು. ಮೂರನೆಯದು ಮಕ್ಕಳನ್ನು ಬೈಯದೆ ಬೆಳೆಸುವ ಪುಸ್ತಕ. ಅದನ್ನು ಬರೆದವರು ಯಾವುದೋ ಊರಿನ ಮಕ್ಕಳ ಡಾಕ್ಟರು. ಮಾವ ಅದನ್ನು ಓದಿ, ಹಾಲು ಚೆಲ್ಲಿದ ಮೊಮ್ಮಗಳ ಮುಂದೆ ಮಂಡಿಯೂರಿ ಕೂತು, "ನಿನಗೆ ಬೇಜಾರಾಗಿರಬೇಕು, ಅಲ್ವಾ ಪುಟ್ಟಿ?" ಅಂತ ಮೃದುವಾಗಿ ಕೇಳಿದರು. ಹುಡುಗಿ ಹೆದರಿ ಅಳುತ್ತ ಅಮ್ಮನ ಹತ್ತಿರ ಓಡಿದಳು. ತಾತನಿಗೆ ಏನೋ ಆಗಿದೆ ಅಂತ ಅವಳ ದೂರು. ಆದರೆ ಮಾವ ಬಿಡಲಿಲ್ಲ. ವಾರವೆರಡಾಗುವಷ್ಟರಲ್ಲಿ ಹುಡುಗಿ ತಾತನ ಹೆಗಲ ಮೇಲೆ ಕೂತು ಅವರ ಕನ್ನಡಕ ಒರೆಸುತ್ತಿದ್ದಳು.

ಹೀಗೆ ಮಾವನ ತಲೆಯಲ್ಲಿ ಒಂದು ಇಡೀ ಬದುಕು ಕಟ್ಟಿಕೊಂಡಿತು. ಹುಡುಗನಾಗಿದ್ದಾಗ ಪದ್ಯ ಬರೆದ, ಆ ಪದ್ಯದ ಹುಡುಗಿಯನ್ನೇ ಕಟ್ಟಿಕೊಂಡ, ಮಕ್ಕಳಾದವು, ಬೈಯದೆ ಬೆಳೆಸಿದ, ನಲ್ಲಿ ರಿಪೇರಿ ಮಾಡುತ್ತ ಸಂಸಾರ ನಡೆಸಿದ, ಟಾರ್ಚ್ ಹಿಡಿದು ಹೆಂಡತಿ ನಿಂತಳು. ಊಟದ ಹೊತ್ತಿಗೆ ಅವನ ಸುದ್ದಿ ನೆಂಟರ ಸುದ್ದಿಯ ಹಾಗೆ ಬರುತ್ತಿತ್ತು. ಮಗನೂ "ಇವತ್ತೇನಂತೆ ನಲ್ಲಿಯವರ ಸಮಾಚಾರ?" ಅಂತ ಕೇಳುವುದನ್ನು ರೂಢಿ ಮಾಡಿಕೊಂಡ.

ಒಂದು ಸಂಜೆ ಮಾವ ತಟ್ಟೆ ಮುಟ್ಟಲಿಲ್ಲ.

"ನಲ್ಲಿಯವನ ಹೆಂಡತಿ ಹೋಗಿಬಿಟ್ಟಳು" ಅಂದರು.

ಯಾವ ಪುಸ್ತಕ ಅಂತ ಸೊಸೆಗೆ ತಕ್ಷಣ ಗೊತ್ತಾಯಿತು. 'ಮಂಚದ ಎಡಬದಿ' ಅಂತ ಅದರ ಹೆಸರು. ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದಿ ವಕೀಲರು ಬರೆದದ್ದು. ಅದನ್ನು ಎಲ್ಲಾದರೂ ಅಡಗಿಸಿಡಬೇಕು ಅಂತ ಅಂದುಕೊಂಡಿದ್ದಳು, ಕೆಲಸದಲ್ಲಿ ಮರೆತಿದ್ದಳು. ಈಗ ಹೇಳಿಬಿಡಲೇ? ಹೇಳಿದರೆ ಇಷ್ಟು ದಿನ ಹೇಳದೆ ಇದ್ದದ್ದನ್ನೂ ಹೇಳಬೇಕು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಾವ ಎದ್ದು ಬಚ್ಚಲಿಗೆ ಹೋದರು. ನಲ್ಲಿ ತಿರುಗಿದ ಸದ್ದು ಕೇಳಿತು. ಊಟಕ್ಕೆ ಕೂತವರೆಲ್ಲ ತಲೆ ತಗ್ಗಿಸಿದರು.

ಅವರನ್ನು ಮತ್ತೆ ಹೊರಗೆ ಎಳೆದು ತಂದದ್ದು ಮೂರು ಕೋಳಿಗಳು. ಕಪಾಟಿನಲ್ಲಿ ಆ ಹೆಸರಿನ ಕೊನೆಯ ಪುಸ್ತಕ, ತಾರಸಿಯ ಮೇಲೆ ಕೋಳಿ ಸಾಕುವುದರ ಬಗ್ಗೆ. ಬರೆದವನು ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಆಸಾಮಿ. ಮೂರರಲ್ಲಿ ಒಂದು ಕೋಳಿಗೆ ಅಹಂಕಾರ ಜಾಸ್ತಿಯಂತೆ, ಮೊಟ್ಟೆ ಇಟ್ಟರೆ ಮನೆಯವರೆಲ್ಲ ಬಂದು ನೋಡುವ ತನಕ ಗೂಡಿನಿಂದ ಇಳಿಯುತ್ತಿರಲಿಲ್ಲವಂತೆ. ಮಾವ ಕುರ್ಚಿಯಲ್ಲಿ ಕುಲುಕುಲು ನಕ್ಕರು. ನಕ್ಕವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿ ಸೊಸೆಯನ್ನು ಕರೆದರು.

"ನೋಡಮ್ಮ, ಹೆಂಡತಿ ಹೋದ ಮೇಲೆ ಕೋಳಿ ಸಾಕ್ಕೊಂಡಿದ್ದಾನೆ. ನಗೋಕೂ ಶುರು ಮಾಡಿದ್ದಾನೆ. ಹೇಗೆ ಶುರು ಮಾಡಿದ ಅನ್ನೋದನ್ನ ಮಾತ್ರ ಎಲ್ಲೂ ಬರೆದಿಲ್ಲ. ಎರಡು ಸಲ ಓದಿದೆ, ಇಲ್ಲ. ಅವನು ಎಲ್ಲಾದ್ರೂ ಸಿಕ್ಕಿದ್ರೆ ಅದೊಂದು ಮಾತು ಕೇಳಬೇಕು."

ಸೊಸೆ ಒಲೆಯ ಕಡೆ ತಿರುಗಿ ಟೀಗೆ ನೀರಿಟ್ಟಳು. ಮಾವ ಕೇಳುತ್ತಿದ್ದದ್ದು ತಮಗೋಸ್ಕರ ಅಂತ ತಿಳಿಯದಷ್ಟು ದಡ್ಡಿ ಅವಳಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಅದೇ ತಿಂಗಳು ಮೇಷ್ಟ್ರಿಗೆ ಲೈಬ್ರರಿಯಲ್ಲಿ ಓದುಗರ ಸಭೆ ಮಾಡುವ ಹುಮ್ಮಸ್ಸು ಬಂತು. ಕರೆಸಿದ್ದು ಪದ್ಯ ಬರೆದವರನ್ನು. ಬಾಗಿಲಿಗೆ ಅಂಟಿಸಿದ ದೊಡ್ಡ ಕಾಗದದ ಮೇಲೆ ಮೇಷ್ಟ್ರು ತಮ್ಮ ದುಂಡು ಅಕ್ಷರದಲ್ಲಿ ಬರೆದದ್ದು ಹೆಸರೊಂದನ್ನೇ. ಅಷ್ಟು ದೊಡ್ಡದಾಗಿ ಬರೆದ ಮೇಲೆ ಬೇರೇನೂ ಬರೆಯಲು ಜಾಗ ಉಳಿದಿರಲಿಲ್ಲ. ಬಾಗಿಲಲ್ಲಿ ಮಾವ ಅದನ್ನು ನೋಡಿದರು. ಮನೆಗೆ ಬಂದು ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದು ಇಸ್ತ್ರಿ ಹಾಕಲು ಕೂತರು.

ಸಭೆಯ ದಿನ ಸೊಸೆ ತನಗೆ ತಿಳಿದ ವಿದ್ಯೆಯೆಲ್ಲ ಉಪಯೋಗಿಸಿದಳು.

"ಮಳೆ ಬರೋ ಹಾಗಿದೆ ಮಾವ."

"ಕೊಡೆ ಇದೆ."

"ತುಂಬ ಜನ ಬರ್ತಾರೆ, ಕೂರೋಕೆ ಜಾಗ ಇರಲ್ಲ."

"ನಿಂತ್ಕೋತೀನಿ."

"ಭಾಷಣ ಅಂದ್ರೆ ನಿಮಗೆ ಆಗಲ್ವಲ್ಲ ಮಾವ."

"ಭಾಷಣ ಯಾರಿಗೆ ಬೇಕು? ನನಗೆ ಬೇಕಿರೋದು ಒಂದು ಉತ್ತರ." ಮಾವ ನಲ್ಲಿಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದರು.

ದಾರಿಯಲ್ಲಿ ಹೇಳಿಬಿಡೋಣ ಅಂತ ಅವಳು ಗಟ್ಟಿ ಮನಸ್ಸು ಮಾಡಿದಳು. "ಮಾವ, ಒಂದು ವಿಷಯ" ಅಂತ ಶುರು ಮಾಡಿದ್ದೇ ತಡ, ಮಾವ ಹಣ್ಣಿನ ಗಾಡಿಯವನ ಮುಂದೆ ನಿಂತು ಅವನ ತಕ್ಕಡಿಯ ಎಡ ತಟ್ಟೆಯ ಸರಪಳಿ ಗಿಡ್ಡವಾಗಿದೆ ಅಂತ ತಗಾದೆ ತೆಗೆದರು. ಅದು ಬಗೆಹರಿಯುವಷ್ಟರಲ್ಲಿ ಲೈಬ್ರರಿ ಬಂದೇಬಿಟ್ಟಿತು.

ಓದುವ ಕೋಣೆಯಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಮೇಷ್ಟ್ರ ಪಕ್ಕದಲ್ಲಿ ಬಿಳಿಚಿಕೊಂಡ ಮುಖದ, ಉದ್ದ ಜಡೆಯ ಹುಡುಗಿಯೊಬ್ಬಳು ನೀರಿನ ಲೋಟ ಹಿಡಿದು ಕೂತಿದ್ದಳು. ಮಾವ ಮುಂದಿನ ಬೆಂಚಿನಲ್ಲಿ ಕೂತು ಬಾಗಿಲು ನೋಡತೊಡಗಿದರು. ಸೊಸೆ ಹಿಂದೆ ಟೀ ಲೋಟಗಳ ಹತ್ತಿರ ಜೀವ ಕೈಯಲ್ಲಿ ಹಿಡಿದು ನಿಂತಳು. ಮೇಷ್ಟ್ರು ಏನೋ ಹೇಳಿದರು, ಹುಡುಗಿ ಎದ್ದು ದೀಪ ಆರಿಸಿ ಕಾಯುವ ಪದ್ಯ ಓದಿದಳು. ಮಾವ ತಲೆದೂಗಿದರು. ಓದು ಮುಗಿದ ಮೇಲೆ ಎದ್ದು ನಿಂತರು.

"ಚೆನ್ನಾಗಿ ಓದಿದೆ ಮಗಳೇ. ನಿಮ್ಮ ತಂದೆಯವರು ಬರಲಿಲ್ವಾ?"

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. "ಅಪ್ಪ ಬಂದಿಲ್ಲ. ಅವರಿಗೆ ಹೂವಿನ ಅಂಗಡಿ ಇದೆ, ಬಿಟ್ಟು ಬರೋಕಾಗಲ್ಲ."

"ನಲ್ಲಿ ರಿಪೇರಿ ಬಿಟ್ಟುಬಿಟ್ರಾ?"

"ನಲ್ಲಿನಾ? ನಮ್ಮ ಮನೇಲಿ ಯಾರಿಗೂ ನಲ್ಲಿ ತಿರುಗಿಸೋದು ಬಿಟ್ರೆ ಬೇರೆ ಏನೂ ಬರಲ್ಲ ತಾತ."

ಕೋಣೆಯಲ್ಲಿ ನಗು ಎದ್ದಿತು. ಮೇಷ್ಟ್ರು ಒಳ್ಳೆಯ ಮನುಷ್ಯರೇ, ಆದರೆ ವಿವರಿಸಲು ಸಿಕ್ಕಿದ ಅವಕಾಶವನ್ನು ಬಿಟ್ಟವರಲ್ಲ. ಈ ಪದ್ಯಗಳೆಲ್ಲ ಈ ಹುಡುಗಿಯವೇ, ನಮ್ಮ ಕಪಾಟಿನಲ್ಲಿ ಇದೇ ಹೆಸರಿನವರು ಐದು ಜನ ಇದ್ದಾರೆ, ನಲ್ಲಿಯವರೇ ಬೇರೆ, ಮಕ್ಕಳ ಡಾಕ್ಟರೇ ಬೇರೆ, ವಕೀಲರೇ ಬೇರೆ, ಕೋಳಿಯವರಂತೂ ಬೇರೆಯೇ ಅಂತ ಬೆರಳು ಮಡಚಿ ಮಡಚಿ ಹೇಳಿದರು. ಮಾವ ಒಂದೊಂದು ಬೆರಳನ್ನೂ ನೋಡಿದರು. ಆಮೇಲೆ ಎದ್ದು, ಕೊಡೆಯನ್ನೂ ಬಿಟ್ಟು, ಬಾಗಿಲು ದಾಟಿ ಹೋದರು.

ಸೊಸೆ ಟೀ ಕೆಟಲನ್ನು ಯಾರದೋ ಕೈಗೆ ತುರುಕಿ ಓಡಿದಳು. ಮಾವ ಬೀದಿಯಲ್ಲಿ ಎಂದೂ ಇಲ್ಲದ ವೇಗದಲ್ಲಿ ನಡೆಯುತ್ತಿದ್ದರು. ಮನೆ, ಕುರ್ಚಿ, ಗೋಡೆ, ಮತ್ತೆ ಅದೇ ಮೌನ, ಎಲ್ಲ ಅವಳ ಕಣ್ಣಿಗೆ ಕಟ್ಟಿತು. ಅಳು ಒತ್ತರಿಸಿ ಬಂತು. ತನ್ನ ಮೇಲೆಯೇ ಸಿಟ್ಟು ಬಂತು.

"ಮಾವ, ನಿಂತ್ಕೊಳ್ಳಿ! ತಪ್ಪಾಯ್ತು ಮಾವ. ನನಗೆ ಗೊತ್ತಿತ್ತು. ನೀವು ಮಾತಾಡೋಕೆ ಶುರು ಮಾಡಿದ್ರಿ ಅಂತ ಹೇಳಲಿಲ್ಲ."

ಮಾವ ನಿಂತರು. ಮುಚ್ಚಿದ್ದ ಬೀಗದ ಅಂಗಡಿಯ ಮುಂದೆ, ಬೀದಿದೀಪದ ಕೆಳಗೆ ತಿರುಗಿ ಅವಳನ್ನು ನೋಡಿದರು. ಮುಳ್ಳು ನಿಲ್ಲುವುದನ್ನು ಕಾಯುವಾಗ ಇರುತ್ತಿದ್ದ ಮುಖ.

"ಮಂಚದ ಪುಸ್ತಕ ಬರೆದೋನು ನಲ್ಲಿಯವನಲ್ವಾ?"

"ಅಲ್ಲ ಮಾವ."

"ಸುಮಾರು ಉತ್ತರ ಬೇಡ. ಖಂಡಿತಾನಾ?"

"ಖಂಡಿತ. ನಲ್ಲಿಯವರ ಪುಸ್ತಕದ ಹೊಸ ಮುದ್ರಣ ಹೋದ ವಾರ ತಾನೇ ಬಂತು, ನಾನೇ ರಟ್ಟು ಹಾಕಿಸೋಕೆ ಕಳಿಸಿದೆ. ಮುನ್ನುಡಿಯಲ್ಲಿ ಬರೆದಿದ್ದಾರೆ, ಮೂರನೇ ಪಾಠ ತಪ್ಪು ಅಂತ ಹೆಂಡತಿ ಈಗಲೂ ದಿನಾ ಜಗಳ ಆಡ್ತಾರಂತೆ."

"ಈಗಲೂ?"

"ಈಗಲೂ ಮಾವ."

ಮಾವನ ಬಾಯಿ ತೆರೆಯಿತು. "ಹಾಗಾದ್ರೆ ಅವಳು ಸತ್ತಿಲ್ಲ!" ಅಂದರು. ಕಂಕುಳ ಪುಸ್ತಕವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ನಕ್ಕರು. "ಅಯ್ಯೋ, ಎಷ್ಟು ದಿನ ಸಂಕಟ ಪಟ್ಟೆ ಅವಳಿಗೋಸ್ಕರ! ಬದುಕಿದ್ದಾಳೆ ಕಣಮ್ಮ! ಗಟ್ಟಿಮುಟ್ಟಾಗಿದ್ದಾಳೆ, ಜಗಳ ಆಡ್ತಾಳೆ!"

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವ ನಗುತ್ತಲೇ ಇದ್ದರು. ನಗುತ್ತ ನಗುತ್ತ ಅವರ ಮುಖ ಬೇರೆಯಾಯಿತು.

"ನಿಮ್ಮತ್ತೆ ಸತ್ತುಹೋದಳಲ್ಲಮ್ಮ" ಅಂದರು.

ಅತ್ತೆ ಹೋದ ಮೇಲೆ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಮಾವ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು, ಇಸ್ತ್ರಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಸೊಸೆ ಪಕ್ಕದಲ್ಲಿ ಕೂತಳು. ಅವಳೂ ಅತ್ತಳು, ಅತ್ತೆ ಅಂದರೆ ಅವಳಿಗೂ ಜೀವವಾಗಿತ್ತು. ದಾರಿಹೋಕನೊಬ್ಬ ನಿಂತು ಏನಾಯಿತು ಅಂತ ಕೇಳಿದ. ಮಾವ ಅವನಿಗೆ ಕೈಬೀಸಿ, "ಏನಿಲ್ಲ ಹೋಗಪ್ಪ, ಮನೆಯವಳು ನೆನಪಾದಳು" ಅಂದರು.

ಎಷ್ಟೋ ಹೊತ್ತಿನ ಮೇಲೆ ಅವರ ಉಸಿರು ಹಿಡಿತಕ್ಕೆ ಬಂತು.

"ನಿಮ್ಮತ್ತೆ ಗೊರಕೆ ಹೊಡೀತಿದ್ಲು. ಗೊತ್ತಾ?"

"ಗೊತ್ತು ಮಾವ. ಪಕ್ಕದ ಮನೆಯವರಿಗೂ ಗೊತ್ತು."

"ಅವಳಿಗೆ ಗೊತ್ತಿರಲಿಲ್ಲ. ನಾನೇ ಹೊಡೀತೀನಿ ಅಂತ ಮದುವೆಯಾದ ವರ್ಷವೇ ನನ್ನ ಮೇಲೆ ಹೊರಿಸಿದ್ಲು. ನಾನು ಹೂಂ ಅಂದೆ. ಊರಿಗೆಲ್ಲ ತೂಕ ಸರಿಮಾಡ್ತಿದ್ದೆ, ಅದೊಂದನ್ನ ಮಾತ್ರ ಸರಿಮಾಡಲಿಲ್ಲ. ನೆಂಟರ ಮುಂದೆಲ್ಲ ಹೇಳ್ಕೊಂಡು ನಗೋಳು, ನಮ್ಮ ಯಜಮಾನ್ರ ಗೊರಕೆಗೆ ನನಗೆ ನಿದ್ದೇನೇ ಇಲ್ಲ ಅಂತ." ಮಾವ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. "ಈಗ ಕೋಣೆಯಲ್ಲಿ ಸದ್ದೇ ಇಲ್ಲ ಕಣಮ್ಮ. ನನಗೆ ನಿದ್ದೆ ಬರಲ್ಲ."

ಸೊಸೆ ಅವರ ಕೈ ಹಿಡಿದುಕೊಂಡಳು. ಆಮೇಲೆ ಕೇಳಿದಳು, "ಅತ್ತೆಯದ್ದು ಇನ್ನೊಂದು ಹೇಳಿ ಮಾವ."

ಮಾವ ಮೂಗು ಒರೆಸಿಕೊಂಡು, ಮೆಟ್ಟಿಲ ಮೇಲೆ ಸರಿಯಾಗಿ ಕೂತರು.

"ಯಾವುದು ಹೇಳ್ಲಿ?" ಅಂದರು. "ಬೇಕಾದಷ್ಟಿದೆ."